ಎರಡು ಕಾಲಿಗೆ ಮೂರರ ನಡೆ

ಸೆಪ್ಟೆಂಬರ್ 4, ಸೋಮವಾರ

‘ನಿಂತ ಕಾಲಿಗೆ ನೆಲವೊಂದೇ, ಓಡುವ ಕಾಲಿಗೆ...’ ಓಡುವ ಕಾಲಿಗೆ ಏನು? ಬೆಳಗ್ಗೆ ಹಲ್ಲುಜ್ಜುವಾಗ ಈ ಸಾಲು ಬಾಯಿಗೆ ಬಂತು, ಅರ್ಧಕ್ಕೇ ನಿಂತಿತು. ಎಲ್ಲಿ ಓದಿದ್ದೆ, ಯಾರ ಬಾಯಲ್ಲಿ ಕೇಳಿದ್ದೆ, ಒಂದೂ ನೆನಪಿಲ್ಲ. ನೆಲ ನೂರು ಎಂದಿತ್ತೇ? ನೆಲವೇ ಇಲ್ಲ ಎಂದಿತ್ತೇ? ಎರಡರಲ್ಲಿ ಯಾವುದನ್ನು ಇಟ್ಟರೂ ಅರ್ಥ ಉಲ್ಟಾ ಆಗುತ್ತದೆ. ಅದಿರಲಿ, ಮೊದಲರ್ಧವಾದರೂ ನಿಜವೇ? ನಿಂತ ಕಾಲಿಗೆ ನೆಲ ಒಂದೇ ಎಂದು ನಿಂತೇ ಇರುವವರು ಹೇಗೆ ಹೇಳುತ್ತಾರೆ?

ಇತ್ತೀಚೆಗೆ ಸಾಲುಗಳು ಹೀಗೆ ನಡುದಾರಿಯಲ್ಲಿ ಕೈಕೊಡುತ್ತಿವೆ. ಈ ವಯಸ್ಸಿನಲ್ಲಿ ಹೆಂಗಸರಿಗೆ ಹೀಗಾಗುವುದುಂಟು ಎಂದು ವೈದ್ಯೆ ನಕ್ಕರು. ನನಗೆ ನಗು ಬರಲಿಲ್ಲ. ನನ್ನಲ್ಲಿದ್ದ ಆಸ್ತಿಯೆಂದರೆ ಅವೇ.

ಶಾಲೆಗೆ ಹೋದರೆ ಹೆಡ್‌ಮಿಸ್ ಕೋಣೆಗೆ ಕರೆದು ಓಟದ ವಿಷಯವನ್ನೇ ಎತ್ತಿದರು. ಒಂದರಿಂದ ನಾಲ್ಕನೇ ತರಗತಿಯವರೆಗಿನ ಮಕ್ಕಳಿಗೆ ದಿನಾ ಬೆಳಗ್ಗೆ, ಮೊದಲ ಗಂಟೆಗೆ ಮುಂಚೆ, ವ್ಯಾಯಾಮ ಆಗಬೇಕಂತೆ. ಮಕ್ಕಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ, ಪ್ರಾರ್ಥನೆಗೆ ನಿಂತರೆ ಗೋಡೆ ಹುಡುಕುತ್ತಾರೆ, ಇದನ್ನು ಸರಿಮಾಡಿ ಎಂದು ಮೇಲಿನಿಂದ ಆದೇಶ ಬಂದಿದೆ. ಡ್ರಿಲ್ ಮೇಷ್ಟ್ರು ಎಲ್ಲ ಸಿದ್ಧಮಾಡಿಕೊಂಡಿದ್ದರು. ಮೊನ್ನೆ ಮನೆಯಲ್ಲಿ ಬಕೆಟ್ ಎತ್ತಲು ಬಗ್ಗಿದವರು ಹಾಗೇ ಉಳಿದುಬಿಟ್ಟರಂತೆ.

“ಅವರು ಎದ್ದು ಬರೋವರೆಗೆ ನೀವು ನೋಡ್ಕೊಳ್ಳಿ.”

“ನಾನು ಭಾಷೆ ಕಲಿಸೋಳು ಮೇಡಂ.”

“ಗೊತ್ತು ಕಣ್ರೀ. ಬೇರೆ ಟೀಚರುಗಳಿಗೆಲ್ಲ ಮನೇಲಿ ಚಿಕ್ಕ ಮಕ್ಕಳಿದಾರೆ, ಅಷ್ಟು ಬೇಗ ಬರಕ್ಕಾಗಲ್ಲ. ನಿಮಗೇನು?”

ನಿಜ, ನನಗೇನು. ಮಕ್ಕಳಿಲ್ಲ ಎಂಬುದನ್ನು ಜನ ಎಷ್ಟು ಬಗೆಯಲ್ಲಿ ಹೇಳುತ್ತಾರೆ ಎಂದು ಒಂದು ಪ್ರಬಂಧ ಬರೆಯಬಹುದು.

ಮನೆ ಮೂರನೇ ಮಹಡಿ. ಎರಡನೆಯದಕ್ಕೆ ಬರುವಷ್ಟರಲ್ಲಿ ಕಂಬಿ ಹಿಡಿದು ನಿಲ್ಲಬೇಕಾಯಿತು. ದಿನಾ ನಿಲ್ಲುವ ಜಾಗವೇ. ನನ್ನಂಥವಳು ಮಕ್ಕಳ ಏದುಸಿರು ಬಿಡಿಸುವುದೆಂದರೇನು? ಗಂಡ ಕನ್ನಡಕದ ಅಂಗಡಿ ಮುಚ್ಚಿ ಬಂದ ಮೇಲೆ ಅರ್ಧ ಸಾಲನ್ನು ಹೇಳಿ, ಮುಂದೇನಿರಬಹುದು ಎಂದು ಕೇಳಿದೆ. “ಓಡುವ ಕಾಲಿಗೆ ಚಪ್ಪಲಿ ಸವೆಯುತ್ತೆ. ನಾಳೆ ಒಂದು ಜೊತೆ ಬೂಟು ತಗೋ” ಎಂದ.

ಸೆಪ್ಟೆಂಬರ್ 6, ಬುಧವಾರ

ಸೀಟಿ ಊದುವುದೂ ಒಂದು ವಿದ್ಯೆ. ಮೊದಲ ಸಲ ಬರೀ ಎಂಜಲು ಬಂತು. ಎರಡನೇ ಸಲ ಬಂದ ಸದ್ದಿಗೆ ನಾನೇ ಬೆಚ್ಚಿದೆ. ಒಂದನೇ ತರಗತಿಯ ಪುಟಾಣಿಗಳು ಕೈ ತಟ್ಟಿದವು.

ಮೊದಲು ತೂಕ ನೋಡುವ ಕೆಲಸ. ಹೊರಗಿನಿಂದ ಬಂದ ನರ್ಸಮ್ಮ ಒಬ್ಬೊಬ್ಬರನ್ನೇ ಯಂತ್ರದ ಮೇಲೆ ನಿಲ್ಲಿಸಿ, ದೂರದಲ್ಲಿ ಬರೆದುಕೊಳ್ಳುತ್ತಿದ್ದ ಗುಮಾಸ್ತರಿಗೆ ಕೂಗಿ ಹೇಳುತ್ತಿದ್ದರು, ಸಂತೆಯಲ್ಲಿ ಮಾಲು ತೂಗಿದ ಹಾಗೆ. ನಮ್ಮ ಎದುರುಮನೆಯ ಹುಡುಗಿಯ ಸರದಿ ಬಂದಾಗ ಕೂಗಿದ್ದಲ್ಲದೆ “ಅಬ್ಬಾ!” ಎಂದರು. ಆ ‘ಅಬ್ಬಾ’ ಇಡೀ ಮೈದಾನಕ್ಕೆ ಕೇಳಿಸಿತು.

ಅವಳಿಗೆ ಮನೆಯಲ್ಲಿ ಸಾಸಿವೆ ಎಂದು ಹೆಸರು. ಹುಟ್ಟಿದಾಗ ಅಷ್ಟು ಸಣ್ಣಗಿದ್ದಳಂತೆ. ಈಗ ಮೂರನೇ ತರಗತಿಯಲ್ಲಿ ಎಲ್ಲರಿಗಿಂತ ದಪ್ಪ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ತಂದೆ ಹಡಗಿನ ಕೆಲಸದಲ್ಲಿ ವರ್ಷಕ್ಕೊಮ್ಮೆ ಕಾಣಿಸಿಕೊಳ್ಳುವವನು. ತಾಯಿಗೆ ಕೈತುಂಬ ಕೆಲಸವಿರುವುದರಿಂದ ಮಗು ಸಂಜೆಯೆಲ್ಲ ನಮ್ಮ ಮನೆಯಲ್ಲಿ. ನಾನು ಗಟ್ಟಿಯಾಗಿ ಪದ್ಯ ಓದುತ್ತೇನೆ, ಅವಳು ಬೆರಳಿನಿಂದ ಮೇಜು ಕುಟ್ಟುತ್ತಾಳೆ. ಶಾಲೆಯಲ್ಲಿ ಮಿಸ್, ಮನೆಯಲ್ಲಿ ದೊಡ್ಡಮ್ಮ ಎಂದು ನಮ್ಮಿಬ್ಬರ ಒಪ್ಪಂದ.

ಯಂತ್ರದಿಂದ ಇಳಿದವಳು ನೇರ ನನ್ನ ಹತ್ತಿರ ಬಂದು, “ದೊಡ್ಡಮ್ಮ, ನಾನು ಹೋಗ್ಲಾ?” ಎಂದಳು. ಎಲ್ಲ ಗೊಳ್ಳೆಂದು ನಕ್ಕರು. ತೂಕಕ್ಕೆ ನಕ್ಕರೋ ದೊಡ್ಡಮ್ಮನಿಗೆ ನಕ್ಕರೋ ತಿಳಿಯಲಿಲ್ಲ. ಅವಳಿಗೂ ತಿಳಿಯಲಿಲ್ಲ ಅಂತ ಕಾಣುತ್ತದೆ.

ಸೆಪ್ಟೆಂಬರ್ 7

ಬೆಳಗ್ಗೆಯೇ ಎದುರುಮನೆಯವಳು ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು, ತುಟಿಯಲ್ಲಿ ಕಚ್ಚಿಕೊಂಡ ಗುಂಡುಸೂಜಿ. ಸೂಜಿ ತೆಗೆಯದೆಯೇ ಮಾತು ಶುರು.

“ಅಕ್ಕ, ಆ ನರ್ಸು ಯಾರು? ನನ್ನ ಮಗೂಗೆ ಕಣ್ಣು ಹಾಕೋಕೆ ಅವಳಿಗೆ ಯಾರು ಹೇಳಿದ್ರು?”

“ಅವಳ ಕೆಲಸ ಕಣೆ ಅದು. ಸೂಜಿ ತೆಗಿ ಮೊದಲು, ನುಂಗ್ತೀಯ.”

“ಇವಳು ಹುಟ್ಟಿದಾಗ ನೀವಿನ್ನೂ ಈ ಮನೆಗೆ ಬಂದಿರಲಿಲ್ಲ. ಗಾಜಿನ ಪೆಟ್ಟಿಗೇಲಿ ಇಟ್ಟಿದ್ರು. ಮುಟ್ಟೋ ಹಾಗಿಲ್ಲ. ಹೊರಗೆ ನಿಂತು ಎದೆ ಏಳ್ತಾ ಇದೆಯಾ ಇಲ್ವಾ ಅಂತ ನೋಡೋದು, ಅಷ್ಟೆ. ಡಾಕ್ಟರು ದಿನಾ ಬಂದು, ಸ್ವಲ್ಪ ತೂಕ ಹೆಚ್ಚಿದೆಯಮ್ಮ ಅಂದ್ರೆ ಆವತ್ತು ಹಬ್ಬ ನಂಗೆ. ಈಗ ಅದೇ ಯಂತ್ರ ಹೆಚ್ಚು ಅಂತಿದೆ. ಯಾವುದನ್ನ ನಂಬಲಿ?”

ಅವಳು ಗೊಂದಲದ ಪ್ರಶ್ನೆ ಕೇಳಿದ್ದಳೋ, ಬರೀ ಸಿಟ್ಟಿನ ಪ್ರಶ್ನೆಯೋ?

“ಅವಳನ್ನ ಓಡಿಸಬೇಡಿ ಅಕ್ಕ. ಅವಳ ಉಸಿರು ಏರಿದ್ರೆ ನನ್ನ ಉಸಿರು ನಿಲ್ಲುತ್ತೆ. ನೀವಿರೋದಕ್ಕೆ ಧೈರ್ಯ ನಂಗೆ. ಬೇರೆಯವರಾಗಿದ್ರೆ ನಾನು ಬೆಳಗ್ಗೆ ಕಳಿಸ್ತಾನೇ ಇರಲಿಲ್ಲ.”

ಓಡಿಸುವುದಿಲ್ಲ ಎಂದು ಮಾತು ಕೊಟ್ಟೆ.

ಸೆಪ್ಟೆಂಬರ್ 11, ಸೋಮವಾರ

ಉಪಾಯ ಹೊಳೆಯಿತು. ಸಾಸಿವೆಗೆ ಸೀಟಿ ಕೊಟ್ಟೆ. ನಾನು ಕೈ ಎತ್ತಿದಾಗ ಅವಳು ಊದುವುದು. ಓಡಿಸಿದ ಹಾಗೂ ಆಗಲಿಲ್ಲ, ಮೂಲೆಯಲ್ಲಿ ಕೂರಿಸಿದ ಹಾಗೂ ಆಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅವಳು ಚೆನ್ನಾಗಿಯೇ ಊದಿದಳು, ನನಗಿಂತ. ನೆರಳಲ್ಲಿ ಕುರ್ಚಿ ಹಾಕಿಕೊಟ್ಟಿದ್ದೇನೆ.

ಉಳಿದ ಮಕ್ಕಳಿಗೆ ನಾನು ಮಾಡಿ ತೋರಿಸಬೇಕಲ್ಲ. ಕೈ ಮೇಲೆತ್ತಿ ಬಗ್ಗಿ ಕಾಲ್ಬೆರಳು ಮುಟ್ಟುವುದು. ನನ್ನ ಬೆರಳು ಮೊಣಕಾಲಿನಿಂದ ಕೆಳಕ್ಕೆ ಇಳಿಯಲಿಲ್ಲ. “ಮಿಸ್, ನಿಮ್ಮ ಕಾಲು ಉದ್ದವಾ, ಕೈ ಗಿಡ್ಡವಾ?” ಎಂದು ಎರಡನೇ ತರಗತಿಯ ತರಲೆಯೊಬ್ಬಳು ಕೇಳಿದಳು. ನಿಜವಾಗಿ ಯೋಚಿಸಿ ಕೇಳಿದ್ದಳು, ಬೈಯಲಾಗಲಿಲ್ಲ.

ಸೆಪ್ಟೆಂಬರ್ 15

ಸಾಸಿವೆ ಈ ವಾರವೆಲ್ಲ ಸಂಜೆ ಬರಲಿಲ್ಲ. ಎದುರಿನ ಬಾಗಿಲು ತೆರೆದೇ ಇದೆ. ಹೊಲಿಗೆ ಯಂತ್ರದ ಸದ್ದು ಕೇಳುತ್ತದೆ. ಹೋಗಿ ಕೇಳಲು ಏಕೋ ಸಂಕೋಚ. ನಾನೇನು ಮಾಡಿದೆ?

ಸೆಪ್ಟೆಂಬರ್ 24, ಭಾನುವಾರ

ಮಕ್ಕಳ ಮುಂದೆ ನಗೆಪಾಟಲಾಗಬಾರದೆಂದು ಸಂಜೆ ತಾರಸಿಯ ಮೇಲೆ ಅಭ್ಯಾಸ ಶುರುಮಾಡಿ ಸುಮಾರು ದಿನವಾಯಿತು. ನೀರಿನ ತೊಟ್ಟಿಯಿಂದ ಬಟ್ಟೆಯ ತಂತಿಯವರೆಗೆ, ಮತ್ತೆ ವಾಪಸ್ಸು. ಗಂಡ ಒಮ್ಮೆ ಬಂದು ನೋಡಿ, “ಯಾರನ್ನ ಅಟ್ಟಿಸ್ಕೊಂಡು ಹೋಗ್ತಿದೀಯ?” ಎಂದು ಕೇಳಿ ಕೆಳಗೆ ಹೋದ.

ಇವತ್ತು ಸ್ವಲ್ಪ ಬೇಗ ಹತ್ತಿದೆ. ಬಾಗಿಲು ತಳ್ಳಿದರೆ ಸಾಸಿವೆ ಓಡುತ್ತಿದ್ದಾಳೆ! ತೊಟ್ಟಿಯಿಂದ ತಂತಿಗೆ, ತಂತಿಯಿಂದ ತೊಟ್ಟಿಗೆ. ಮುಖ ಕೆಂಪಾಗಿ, ಕೂದಲು ಹಣೆಗೆ ಅಂಟಿ. ನನ್ನನ್ನು ಕಂಡು ಹಾಗೇ ನಿಂತಳು.

“ಓಡ್ತಿದ್ದೆಯಾ?”

“ಇಲ್ಲ. ಬಟ್ಟೆ ತಗೊಳ್ಳೋಕೆ ಬಂದೆ.”

ತಂತಿಯ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಇಬ್ಬರೂ ಖಾಲಿ ತಂತಿಯನ್ನು ನೋಡಿದೆವು.

“ಯಾಕೆ ಸಂಜೆ ಬರ್ತಿಲ್ಲ ಚಿನ್ನ?”

“ನೀವು ನನ್ನನ್ನ ಕುರ್ಚಿ ಮೇಲೆ ಕೂರಿಸಿದ್ರಿ.”

“ಸೀಟಿ ಕೊಟ್ಟಿದ್ದೀನಲ್ಲ? ಎಲ್ಲರಿಗೂ ಅದೇ ಬೇಕು.”

“ಹಾಗಾದ್ರೆ ಎಲ್ಲರಿಗೂ ಕೊಡಿ” ಎಂದು ಮೆಟ್ಟಿಲಿಳಿದು ಹೋದಳು.

ತಾಯಿ ಓಡಿಸಬೇಡಿ ಎನ್ನುತ್ತಾಳೆ. ಮಗಳು ಕದ್ದು ಓಡುತ್ತಾಳೆ. ಮಾತು ಉಳಿಸಿಕೊಂಡರೆ ಮಗುವನ್ನು ಕಳೆದುಕೊಳ್ಳುತ್ತೇನೆ, ಮಗುವಿನ ಪರ ನಿಂತರೆ ಎದುರುಮನೆಯನ್ನು. ಇದು ನನ್ನ ಲೆಕ್ಕ. ಆದರೆ ಇದರಲ್ಲಿ ನಾನು ಯಾರು? ತಾಯಿಯೂ ಅಲ್ಲ, ಡ್ರಿಲ್ ಮೇಷ್ಟ್ರೂ ಅಲ್ಲ. ದೊಡ್ಡಮ್ಮ ಎಂದು ಕರೆಸಿಕೊಳ್ಳುವ ಪಕ್ಕದವಳು.

ಸೆಪ್ಟೆಂಬರ್ 26

ಡ್ರಿಲ್ ಮೇಷ್ಟ್ರಿಗೆ ಫೋನ್ ಮಾಡಿದೆ.

“ಮೇಡಂ, ಮಲಗಿ ಮಲಗಿ ಫ್ಯಾನಿನ ಮೇಲಿನ ಧೂಳೆಲ್ಲ ಬಾಯಿಪಾಠ ಆಗಿದೆ ನಂಗೆ. ಓಡ್ತೀನಿ ಅನ್ನೋರನ್ನ ಕೂರಿಸಬೇಡಿ, ಪಾಪ ತಟ್ಟುತ್ತೆ.”

“ಅವರಮ್ಮನಿಗೆ ಮಾತು ಕೊಟ್ಟಿದ್ದೀನಿ.”

“ಅಯ್ಯೋ, ಹಾಗಾದ್ರೆ ಅವರಮ್ಮನ್ನೇ ಕೇಳಿ. ಅದಕ್ಯಾಕೆ ನಂಗೆ ಫೋನು?”

ಎಷ್ಟು ಸುಲಭ! ಎದುರುಮನೆಗೆ ಹೋದೆ. ತಾಯಿ ಮಗಳಿಗೆ ಊಟ ಮಾಡಿಸುತ್ತಿದ್ದಳು. ಎಂಟು ವರ್ಷದವಳಿಗೆ ಕೈತುತ್ತು. “ಇನ್ನೊಂದೇ ತುತ್ತು, ಇದು ಕೊನೇದು” ಎನ್ನುತ್ತಲೇ ಮತ್ತೊಂದು. ಮಗಳು ನುಂಗಿದಾಗಲೆಲ್ಲ ತಾಯಿಯ ಗಂಟಲೂ ಆಡುತ್ತಿತ್ತು. ಆ ಗಾಜಿನ ಪೆಟ್ಟಿಗೆಯ ಮುಂದೆ ಅವಳು ಇನ್ನೂ ನಿಂತೇ ಇದ್ದಾಳೆ ಅನ್ನಿಸಿತು. ಕೇಳಲು ಹೋದವಳು ಬಟ್ಟೆಯ ಬಣ್ಣದ ಮಾತಾಡಿ ಬಂದೆ.

ಅಕ್ಟೋಬರ್ 3, ಮಂಗಳವಾರ

ಕೇಳಲಿಲ್ಲ. ಹೇಳಲೂ ಇಲ್ಲ. ಬೆಳಗ್ಗೆ ಶಾಲೆಯ ಹಾದಿಯಲ್ಲಿ ಸಾಸಿವೆಗೆ ಹೇಳಿದೆ, “ಇವತ್ತು ಓಡು” ಎಂದು. ಅವಳು ಯಾಕೆ ಎಂದು ಕೇಳಲಿಲ್ಲ. ಅಮ್ಮನಿಗೆ ಹೇಳಬೇಡ ಎಂದು ನಾನೂ ಅನ್ನಲಿಲ್ಲ. ಆದರೂ ಇಬ್ಬರಿಗೂ ಗೊತ್ತಿತ್ತು.

ಇವತ್ತು ಪರೀಕ್ಷೆಯ ಓಟ. ಸುಣ್ಣದಲ್ಲಿ ಎರಡು ಗೆರೆ. ವ್ಯಾಯಾಮದ ಆದೇಶದ ಜೊತೆ ಮೇಲಿನವರು ಒಂದು ಸಣ್ಣ ಪೆಟ್ಟಿಗೆ ಕಳಿಸಿದ್ದಾರೆ, ಮಕ್ಕಳು ಅದಕ್ಕೆ ಕೀಕೀ ಪೆಟ್ಟಿಗೆ ಎಂದು ಹೆಸರಿಟ್ಟಿದ್ದಾರೆ. ಅದು ಕೀ ಎನ್ನುವಷ್ಟರಲ್ಲಿ ಈ ಗೆರೆಯಿಂದ ಆ ಗೆರೆಗೆ ಓಡಬೇಕು. ಬರಬರುತ್ತ ಬೇಗ ಬೇಗ ಕೂಗುತ್ತದೆ. ತಲುಪದವರು ಹೊರಗೆ ಕೂರಬೇಕು.

ಸಾಸಿವೆ ಎಲ್ಲರಿಗಿಂತ ಮೊದಲು ಔಟು. ಉಳಿದವರು ಓಡಿದಷ್ಟು ಹೊತ್ತೂ ಗೋಡೆಯ ಬುಡದಲ್ಲಿ ಕೂತಿದ್ದಳು. ಕುರ್ಚಿಯೂ ಇಲ್ಲ ಈಗ. ಅವಳ ಪಕ್ಕ ಎರಡನೆಯದಾಗಿ ಔಟಾದವಳು, ಆಮೇಲೆ ಮೂರನೆಯವಳು. ಯಾರು ಓಡಬೇಕೆಂದು ಇಷ್ಟೆಲ್ಲ ಮಾಡಿದ್ದಾರೋ ಅವರೇ ಕೂತಿದ್ದಾರೆ. ಓಡಲು ಯಾರ ಸಹಾಯವೂ ಬೇಡದವರು ಓಡುತ್ತಿದ್ದಾರೆ. ಇದನ್ನು ಮಾಡಿದವರಿಗೆ ಇದು ಕಾಣಲಿಲ್ಲವೇ? ಅಥವಾ ನನಗೇ ಏನೋ ಅರ್ಥವಾಗುತ್ತಿಲ್ಲವೇ?

ಅಕ್ಟೋಬರ್ 4

ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟೆ. ಅದರ ಬದಲು ಪದ್ಯ.

ನಾಲ್ಕರ ನಡೆಯ ಪದ್ಯ. ತಕಧಿಮಿ ತಕಧಿಮಿ ಎನ್ನುವ ಹಾಗೆ, ತಾಳದ ಒಂದೊಂದು ಪೆಟ್ಟಿಗೂ ಒಂದು ಹೆಜ್ಜೆ. ನಾನೇ ಕಟ್ಟಿದ್ದು, ಸಾಹಿತ್ಯವೇನಲ್ಲ.

ಕಾಲನು ಎತ್ತೋ ಕೈಯನು ಚಾಚೋ
ಗಾಳಿಯ ತಳ್ಳೋ ಗೆರೆಯನು ಮುಟ್ಟೋ

ನಾಲ್ಕು ಹೆಜ್ಜೆ ಹೋಗು, ತಿರುಗು, ನಾಲ್ಕು ಹೆಜ್ಜೆ ಬಾ. ಎಲ್ಲರೂ ಒಟ್ಟಿಗೆ ಸಾಲಾಗಿ. ಯಾರೂ ಔಟಿಲ್ಲ. ಸುಸ್ತಾದವರು ಸಾಲಿನಲ್ಲೇ ನಿಂತ ಜಾಗದಲ್ಲಿ ಹೆಜ್ಜೆ ಹಾಕಬೇಕು, ಬಾಯಿ ಮಾತ್ರ ನಿಲ್ಲಿಸುವ ಹಾಗಿಲ್ಲ. ನಾನೂ ಓಡಿದೆ, ಹೇಳುತ್ತ. ಹೇಳುತ್ತ ಓಡಿದರೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಪದ್ಯವೇ ಹೇಳಿಕೊಡುತ್ತದೆ.

ಸಾಸಿವೆ ಒಂದು ಪೆಟ್ಟೂ ತಪ್ಪಲಿಲ್ಲ! ಎಷ್ಟು ವರ್ಷದಿಂದ ನನ್ನ ಮೇಜನ್ನು ಕುಟ್ಟಿದವಳು. ಪಕ್ಕದ ಮಕ್ಕಳು ಅವಳ ಕಾಲು ನೋಡಿ ಹೆಜ್ಜೆ ಹಾಕುತ್ತಿದ್ದರು.

ಹೆಡ್‌ಮಿಸ್ ಕಿಟಕಿಯಿಂದ ನೋಡಿ, “ಇದು ವ್ಯಾಯಾಮಾನೋ ಕವಿಗೋಷ್ಠಿನೋ?” ಎಂದರು.

ಅಕ್ಟೋಬರ್ 9, ಸೋಮವಾರ

ಸಾಸಿವೆ ಮತ್ತೆ ಸಂಜೆ ಬರುತ್ತಿದ್ದಾಳೆ. ಮೇಜು ಕುಟ್ಟುವುದಿಲ್ಲ, ಈಗ ನೆಲ ತುಳಿಯುತ್ತಾಳೆ. ಕೆಳಮಹಡಿಯವರು ದೂರುವುದು ಖಂಡಿತ.

ಎದುರುಮನೆಯವಳು ನನ್ನ ಹೊಸ ಅಂಗಿ ತಂದುಕೊಟ್ಟಳು. “ಹಳೇ ಅಳತೆಗೆ ಹೊಲಿದಿದ್ದೆ, ಹೋದ ವಾರ ನಿಮ್ಮನ್ನ ನೋಡಿ ಅನುಮಾನ ಬಂತು. ಸೊಂಟದ ಹತ್ರ ಒಳಗೆ ಹಿಡಿದಿದೀನಿ ಅಕ್ಕ.” ಹಾಕಿ ನೋಡಿದೆ, ಸರಿಯಾಗಿದೆ. ಬೇಸಿಗೆಯಲ್ಲಿ ಅಳೆದಾಗ ಟೇಪು ಹಿಗ್ಗಿತ್ತೋ ಏನೋ.

“ಸಾಸಿವೆ ಈಚೆಗೆ ಹಾಸಿಗೆ ಕಂಡ್ರೆ ಸಾಕು, ನಿದ್ದೆ. ಹಸಿವೆ ಅಂತ ಅವಳಾಗೇ ಕೇಳ್ತಾಳೆ ಅಕ್ಕ, ಗೊತ್ತಾ? ನಾನು ಬಾಯಿಗೆ ಇಡೋಕೆ ಮುಂಚೆ. ಹಿಂದೆ ಯಾವತ್ತೂ ಕೇಳಿದೋಳಲ್ಲ.” ಕಣ್ಣಲ್ಲಿ ನೀರು ತಂದುಕೊಂಡಳು. “ನೀವು ಕುರ್ಚಿ ಹಾಕಿ ಕೂರಿಸಿ ನೋಡ್ಕೊಳ್ತೀರಂತೆ. ಮೊದಲ ವಾರ ಹೇಳಿದ್ದಳು. ಯಾರು ಮಾಡ್ತಾರೆ ಇಷ್ಟು?”

ಆಗ ಹೇಳಬೇಕಿತ್ತು. ಬಾಗಿಲಿನ ಚಿಲಕ ಹಿಡಿದು ನಿಂತಿದ್ದೆ. ಅಂಗಿ ಚೆನ್ನಾಗಿದೆ ಎಂದೆ.

ಅಕ್ಟೋಬರ್ 11

ಸಾಸಿವೆ ಬಿದ್ದಳು. ಬಲಗೈ ಮಣಿಕಟ್ಟು ಮುರಿದಿದೆ. ನನ್ನಿಂದ.

ಅಕ್ಟೋಬರ್ 12, ಗುರುವಾರ

ಬರೆದರೆ ತಿಳಿಯಬಹುದೇ ನೋಡುತ್ತೇನೆ.

ನಾಲ್ಕರ ನಡೆ ಮಕ್ಕಳಿಗೆ ಸಲೀಸಾಗಿತ್ತು. ನನಗೆ ಬೇಸರ ಬಂದಿತ್ತು. ಅದು ಯಾವಾಗಲೂ ಕವಾಯತಿನ ಹಾಗೆ ಕೇಳುತ್ತದೆ. ಮೂರರ ನಡೆಯೇ ಚೆಂದ, ನೀರು ತುಳುಕಿದ ಹಾಗೆ. ಅದರ ಮೇಲೆ ಹಿಂದೆ ಒಂದು ದೊಡ್ಡ ಪ್ರಬಂಧವನ್ನೇ ಬರೆದು ಪದವಿ ಪಡೆದವಳು ನಾನು. ಮೊನ್ನೆ ಹೊಸ ಪದ್ಯ ಕಟ್ಟಿದೆ.

ಎದ್ದು ಬಿದ್ದು ಓಡಿ ಬಂದು
ಗೆರೆಯ ಮುಟ್ಟಿ ಮರಳಿ ಹೋಗು

ನಿನ್ನೆ ಅದಕ್ಕೆ ಓಡಿಸಿದೆ. ಮೂರು ಹೆಜ್ಜೆ ಹೋಗು, ತಿರುಗು, ಮೂರು ಹೆಜ್ಜೆ ಬಾ. ಮನುಷ್ಯರಿಗೆ ಕಾಲು ಎರಡು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾಲ್ಕು ಹೆಜ್ಜೆ ಹಾಕಿದರೆ ಪ್ರತಿ ಸಲವೂ ಕೊನೆಯ ಹೆಜ್ಜೆ ಬಲಗಾಲು, ಎಲ್ಲ ಮಕ್ಕಳೂ ಒಂದೇ ಕಡೆಗೆ ತಿರುಗುತ್ತಾರೆ. ಮೂರು ಹಾಕಿದರೆ ಒಮ್ಮೆ ಎಡಗಾಲು, ಮುಂದಿನ ಸಲ ಬಲಗಾಲು. ತಿರುಗುವ ದಿಕ್ಕು ಪ್ರತಿ ಸಲ ಬದಲು. ಸಾಸಿವೆ ಪದ್ಯದ ಪ್ರಕಾರ ಸರಿಯಾಗಿಯೇ ತಿರುಗಿದಳು. ಪಕ್ಕದವಳು ರೂಢಿಯ ಪ್ರಕಾರ ತಿರುಗಿದಳು. ಇಬ್ಬರೂ ಎದುರೆದುರು ಡಿಕ್ಕಿ. ಸಾಸಿವೆ ಕೈಯೂರಿ ಬಿದ್ದಳು, ಅವಳ ಮೇಲೆ ಮತ್ತಿಬ್ಬರು.

ತಪ್ಪಿಲ್ಲದೆ ಮಾಡಿದವಳಿಗೇ ಪೆಟ್ಟಾಯಿತಲ್ಲ. ಇದು ಯಾವ ನ್ಯಾಯ?

ಎತ್ತಿಕೊಂಡು ಗೇಟಿನವರೆಗೆ ಓಡಿದೆ. ಗಾಡಿ ಹತ್ತಿಸಿ ಆಸ್ಪತ್ರೆಗೆ. ಅವಳು ಅಳಲಿಲ್ಲ, “ದೊಡ್ಡಮ್ಮ, ನಾನು ಸರಿಯಾಗೇ ತಿರುಗಿದೆ ಅಲ್ವಾ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಅವಳನ್ನು ಸಹೋದ್ಯೋಗಿಯ ಜೊತೆ ಬಿಟ್ಟು ತಾಯಿಗೆ ಹೇಳಲು ಮನೆಗೆ ಬಂದೆ. ಮೆಟ್ಟಿಲು ಯಾವಾಗ ಹತ್ತಿದೆನೋ ಗೊತ್ತಿಲ್ಲ, ಬಾಗಿಲ ಮುಂದಿದ್ದೆ. ಫೋನು ಮಾಡಬಹುದಿತ್ತು ಎಂದು ಆಮೇಲೆ ಹೊಳೆಯಿತು.

ತಾಯಿ ನನ್ನ ಜೊತೆ ಆಸ್ಪತ್ರೆಗೆ ಬಂದಳು. ಪ್ಲಾಸ್ಟರ್ ಹಾಕಿದ ಕೈ ನೋಡಿದಳು, ಮಗಳ ಬೆವರಿದ ಕೂದಲು ನೋಡಿದಳು, ಬೂಟಿಗೆ ಮೆತ್ತಿದ ಸುಣ್ಣ ನೋಡಿದಳು.

“ಕುರ್ಚಿಯಿಂದ ಬಿದ್ದಳಾ?”

“ಇಲ್ಲ. ಓಡ್ತಿದ್ದಳು. ಎಂಟು ದಿನದಿಂದ ಓಡ್ತಿದಾಳೆ.”

ಬೈದಿದ್ದರೆ ಸಹಿಸಬಹುದಿತ್ತು. “ನಿಮ್ಮನ್ನ ಕೇಳ್ಕೊಂಡಿದ್ದೆ ಅಕ್ಕ” ಎಂದಳು. ಅಷ್ಟೇ. ಸಂಜೆ ಎದುರಿನ ಬಾಗಿಲು ಮುಚ್ಚಿತ್ತು.

ಗಂಡ ಎಲ್ಲವನ್ನೂ ಕೇಳಿ, “ನೀನು ಅವಳನ್ನ ಎತ್ಕೊಂಡು ಗೇಟಿನವರೆಗೂ ಓಡಿದೆಯಾ? ಬೇಸಿಗೇಲಿ ನೀರಿನ ಕ್ಯಾನ್ ಸರಿಸೋಕೆ ನನ್ನನ್ನ ಅಂಗಡಿಯಿಂದ ಕರೆಸಿದ್ದೆ!” ಎಂದ. ಇಂಥ ಹೊತ್ತಿನಲ್ಲಿ ಆ ಮಾತು ಯಾಕೆ ಬೇಕಿತ್ತು? ಬೇರೆಯವರೂ ಕೈಹಾಕಿರಬೇಕು. ನನಗೆ ನೆನಪಿಲ್ಲ.

ಅಕ್ಟೋಬರ್ 14

ಬಾಗಿಲು ತಟ್ಟಿದೆ. ಒಳಗೆ ಯಂತ್ರದ ಸದ್ದು ನಿಂತಿತು. ಬಾಗಿಲು ತೆರೆಯಲಿಲ್ಲ. ನಾನು ನಮ್ಮ ಮನೆಯೊಳಗೆ ಬಂದ ಮೇಲೆ ಮತ್ತೆ ಯಂತ್ರ ಶುರುವಾಯಿತು.

ಅಕ್ಟೋಬರ್ 17, ಮಂಗಳವಾರ

ಡ್ರಿಲ್ ಮೇಷ್ಟ್ರು ಬರುವವರೆಗೆ ವ್ಯಾಯಾಮ ಬಂದ್. ಹೆಡ್‌ಮಿಸ್ ಇದನ್ನು ಸಾಸಿವೆ ಬಿದ್ದ ದಿನವೇ ಹೇಳಿದ್ದರು. ಸಾಸಿವೆಯ ತಾಯಿ ಅವರನ್ನು ಕಂಡು, ಇನ್ನೆಂದೂ ತನ್ನ ಮಗಳನ್ನು ಮೈದಾನಕ್ಕೆ ಇಳಿಸಕೂಡದು ಎಂದು ಹೇಳಿ ಹೋಗಿದ್ದಾಳೆ. ಶಾಲೆಗೆ ಬಿಡುವುದು, ಕರೆದೊಯ್ಯುವುದು ಈಗ ಅವಳೇ. ಹೊಲಿಗೆ ಎಷ್ಟು ಹಿಂದೆ ಬಿದ್ದಿದೆಯೋ. ತರಗತಿಯಲ್ಲಿ ಸಾಸಿವೆ ನನ್ನನ್ನು ನೋಡುವುದಿಲ್ಲ, ಪುಸ್ತಕವನ್ನೂ ನೋಡುವುದಿಲ್ಲ. ಕಿಟಕಿಯಾಚೆ ಸುಣ್ಣದ ಗೆರೆಗಳನ್ನು ನೋಡುತ್ತಾಳೆ.

ಅವಳ ವಿಷಯದಲ್ಲಿ ತಾಯಿಯದೇ ಕೊನೆಯ ಮಾತು, ಒಪ್ಪಿದೆ. ಉಳಿದ ಮಕ್ಕಳು? ಬಂದ್ ಎಂದರೂ ಬೆಳಗ್ಗೆ ಬೇಗ ಬಂದು ಅಂಗಳದಲ್ಲಿ ಸುಮ್ಮನೆ ನಿಂತಿರುತ್ತಾರೆ. ಹೆಡ್‌ಮಿಸ್ ಕೋಣೆಗೆ ಹೋದೆ.

“ಬಿದ್ದಿದ್ದು ಓಟದಿಂದ ಅಲ್ಲ ಮೇಡಂ. ಮೂರರ ನಡೆ ಹಾಕಿಸಿದ್ದು ನನ್ನ ತಪ್ಪು. ನಾಲ್ಕರಲ್ಲಿ ಒಬ್ಬರೂ ಬಿದ್ದಿರಲಿಲ್ಲ.”

“ಏನ್ರೀ ಇದು ಮೂರು, ನಾಲ್ಕು?”

ಅವರ ಕೋಣೆಯಲ್ಲೇ ಹೆಜ್ಜೆ ಹಾಕಿ ತೋರಿಸಿದೆ. ಮೂರಕ್ಕೆ ತಿರುಗಿದಾಗ ಕಪಾಟಿಗೆ ಭುಜ ತಾಗಿ, ಮೇಲಿದ್ದ ಗ್ಲೋಬು ಉರುಳಿತು. ಅವರು ಅದನ್ನು ಹಿಡಿದುಕೊಂಡು ನನ್ನನ್ನೇ ನೋಡಿದರು.

“ಬೇಡ ಬೇಡ ಅಂತಿದ್ದೋರು ನೀವೇನಾ?”

“ಬೇಡ ಅಂದಿದ್ನಾ?”

“ಭಾಷೆ ಕಲಿಸೋಳು ಅಂದ್ರಿ.”

“ಅದನ್ನೇ ಅಲ್ವಾ ಮಾಡಿದ್ದು?”

ನಕ್ಕರು. ಒಂದು ಷರತ್ತು, ಹೊಸ ಪದ್ಯ ಏನಾದರೂ ಕಟ್ಟಿದರೆ ಮೊದಲು ಅವರ ಕೋಣೆಯಲ್ಲಿ ಓಡಿ ತೋರಿಸಬೇಕು. ಗುರುವಾರದಿಂದ ಶುರು.

ಅಕ್ಟೋಬರ್ 19

ಓಡಿದೆವು. ಸಾಲಿನಲ್ಲಿ ಸಾಸಿವೆಯ ಜಾಗ ಖಾಲಿ. ಮುಚ್ಚಿಕೊಳ್ಳಿ ಎಂದರೂ ಪಕ್ಕದ ಮಕ್ಕಳು ಸರಿದು ನಿಲ್ಲಲಿಲ್ಲ.

ಅಕ್ಟೋಬರ್ 21, ಶನಿವಾರ

ತಾರಸಿಯಿಂದ ಇಳಿಯುವಾಗ ಮೆಟ್ಟಿಲಲ್ಲಿ ತಾಯಿ ಮಗಳು ಇಬ್ಬರೂ ಎದುರಾದರು. ಈ ಸಲ ಹೇಳಿಬಿಟ್ಟೆ. “ಅವಳನ್ನ ಓಡಿಸಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ ಕಣೆ. ನಿನ್ನಿಂದ ಮುಚ್ಚಿಟ್ಟೆನಲ್ಲ, ಅದಕ್ಕಿದೆ. ನಿನ್ನನ್ನ ಕೇಳಬೇಕಿತ್ತು. ಕೇಳಿದ್ರೆ ಇಲ್ಲ ಅಂತೀಯ ಅಂತ ಹೆದರಿದೆ.”

“ಇಲ್ಲ ಅಂತಾನೇ ಅಂತಿದ್ದೆ.”

“ಗೊತ್ತು.”

“ಈಗ್ಲೂ ಅದೇ ಅಂತೀನಿ.”

ಸಾಸಿವೆಯ ಎಡಗೈಯನ್ನು ತಾಯಿ ಬಿಗಿಯಾಗಿ ಹಿಡಿದಿದ್ದಳು. ಮಗು ಗೋಡೆಯ ಕಡೆ ಮುಖ ಮಾಡಿತ್ತು. ಇಬ್ಬರಿಗೂ ದಾರಿ ಬಿಟ್ಟು ನಿಂತೆ. ಹೇಳಿದ್ದರಿಂದ ಏನಾಯಿತು? ಮಗುವಿಗೆ ಏನೂ ಸಿಗಲಿಲ್ಲ. ನನಗೆ ಮಾತ್ರ ಹಗುರಾಯಿತು. ಹಗುರಾಗಲು ನನಗೇನು ಹಕ್ಕಿದೆ?

ಅಕ್ಟೋಬರ್ 25, ಬುಧವಾರ

ಸಂಜೆ ಮಕ್ಕಳ ಕಾಪಿ ತಿದ್ದುತ್ತಿದ್ದೆ. ಮೆಟ್ಟಿಲಲ್ಲಿ ದಡದಡ ಸದ್ದು, ಎದುರುಮನೆಯ ಮುಂದೆ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು ಸದ್ದು, ನಿಧಾನ, ಭಾರ, ಎರಡನೇ ಮಹಡಿಯಲ್ಲಿ ನಿಂತು, ಮತ್ತೆ ಹತ್ತಿ. ನಮ್ಮ ಬಾಗಿಲನ್ನು ಯಾರೋ ಅಂಗೈಯಿಂದ ಬಡಿದರು.

ತೆರೆದರೆ ಎದುರುಮನೆಯವಳು. ಚೌಕಟ್ಟಿಗೆ ಒರಗಿ ನಿಂತಿದ್ದಳು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ, ಅದರ ಹೆಬ್ಬೆರಳ ಪಟ್ಟಿ ಕಿತ್ತುಹೋಗಿತ್ತು. ಮುಖವೆಲ್ಲ ಬೆವರು. ಅವಳ ಹಿಂದೆ, ತಮ್ಮ ಮನೆಯ ಬೀಗದ ಮುಂದೆ ಸಾಸಿವೆ, ಕತ್ತಿನಿಂದ ಇಳಿಬಿಟ್ಟ ಪಟ್ಟಿಯಲ್ಲಿ ಬಿಳಿ ಕೈ. ಅವಳ ಉಸಿರು ಸಮವಾಗಿತ್ತು. ಅದನ್ನೇ ನೋಡುತ್ತ ನಿಂತುಬಿಟ್ಟೆ.

ನೀರು ತಂದುಕೊಟ್ಟೆ. ಕುಡಿದಳು. ಮಾತಾಡಲು ಹೋದಳು, ಆಗಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಇನ್ನಷ್ಟು ಕಾದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

“ಡಾಕ್ಟರಿಗೆ ಕೈ ತೋರಿಸ್ಕೊಂಡು ಬರ್ತಿದ್ವಿ. ತಿರುವಿನಲ್ಲಿ ಕೈ ಕೊಸರಿಕೊಂಡು ಓಟ ಕಿತ್ತಳು. ನಿಲ್ಲೇ, ನಿಲ್ಲೇ ಅಂತ ಬೀದಿಯುದ್ದಕ್ಕೂ ಹಿಂದೆ ಬಿದ್ದೆ. ಉಸಿರು ಕಟ್ಟುತ್ತೆ, ಈಗ ನಿಲ್ತಾಳೆ, ಈಗ ಕೂರ್ತಾಳೆ ಅಂತ.” ಮತ್ತೆ ಉಸಿರು ತೆಗೆದುಕೊಂಡಳು. “ನಾಳೆಯಿಂದ ಬೆಳಗ್ಗೆ ನೀವೇ ಕರ್ಕೊಂಡು ಹೋಗಿ ಅಕ್ಕ. ನನ್ನ ಕೈಗೆ ಸಿಗ್ತಿಲ್ಲ ಅವಳು.”